ಮಣ್ಣೊಳಗಿನ ನೆರೆಯವರು

ಅರಸರ ಚರಿತ್ರೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟು ತಲೆ ನರೆಸಿಕೊಂಡ ನನಗೆ, ಕಪ್ಪೆಗೂ ಒಂದು ಚರಿತ್ರೆ ಇದೆ ಎಂದು ಈಗೀಗ ಅನ್ನಿಸುತ್ತದೆ. ಅದೂ ನಮ್ಮಂಥ ಬರದ ಸೀಮೆಯಲ್ಲಿ. ದೊಡ್ಡಉಳ್ಳಾರ್ತಿ ಇರುವ ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲೇ ತೀರ ಕಡಿಮೆ ಮಳೆ ಕಾಣುವ ಜಾಗಗಳಲ್ಲೊಂದು. ಮುಂಗಾರಿನ ಮೊದಲ ದೊಡ್ಡ ಮಳೆ ಹೊಡೆದ ರಾತ್ರಿ ಮಾತ್ರ ಹಳ್ಳದ ತುಂಬ ವಟವಟ. "ಇಷ್ಟು ದಿನ ಎಲ್ಲಿದ್ವು ಟೀಚರ್?" ಎಂದು ಮಕ್ಕಳು ಕೇಳುತ್ತಾರೆ.

ಎಲ್ಲಿಗೂ ಹೋಗಿರಲಿಲ್ಲ, ನಮ್ಮ ಕಾಲ ಕೆಳಗೇ ಇದ್ದವು. ಬಯಲುಸೀಮೆಯ ಬಿಲಗಪ್ಪೆಗಳ ಹಿಂಗಾಲಿನಲ್ಲಿ ಸಣ್ಣ ಸಲಿಕೆಯಂಥ ಗಟ್ಟಿ ಉಬ್ಬು ಇರುತ್ತದೆ. ಅದರಿಂದ ಮಣ್ಣು ತೋಡುತ್ತ, ಹಿಂದುಹಿಂದಕ್ಕೆ ಸರಿಯುತ್ತ, ತಂಪು ಸಿಗುವವರೆಗೆ ಇಳಿದು ಬೇಸಿಗೆಯೆಲ್ಲ ನಿದ್ದೆ. ತೇವದ ಚರ್ಮವೇ ಆಗ ಉಸಿರಾಟಕ್ಕೆ ನೆರವು. ಮಳೆ ನೀರು ಇಳಿದೊಡನೆ ಮೇಲೆದ್ದು ಗಂಡು ಕೂಗುತ್ತದೆ, ಹೆಣ್ಣು ಬಂದು ಗುಂಡಿಯ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಗೊದಮೊಟ್ಟೆಗಳಿಗೆ ಆಮೇಲೆ ಒಂದೇ ಆತುರ: ನೀರು ಬತ್ತುವುದರೊಳಗೆ ಕಾಲು ಮೂಡಬೇಕು, ಬಾಲ ಕರಗಬೇಕು. ನಮ್ಮ ಶೇಂಗಾ ಬೆಳೆಗಾರನ ಆತಂಕವೂ ಇದೇ ಅಲ್ಲವೇ?

ಅದಕ್ಕೇ ಏನೋ, ಮಳೆ ಹೋದರೆ ಜನರಿಗೆ ಮೊದಲು ನೆನಪಾಗುವುದು ಕಪ್ಪೆ. ಋಗ್ವೇದದ ಏಳನೆಯ ಮಂಡಲದಲ್ಲೇ ಕಪ್ಪೆಗಳ ಮೇಲೊಂದು ಸೂಕ್ತವಿದೆ. ನಮ್ಮ ಪಕ್ಕದ ಆಂಧ್ರದ ಹಳ್ಳಿಗಳಲ್ಲಿ ಒನಕೆಗೆ ಕಪ್ಪೆ ಕಟ್ಟಿ, ಬೇವಿನ ಸೊಪ್ಪು ಸಿಕ್ಕಿಸಿ ಮನೆಮನೆಗೆ ಹೊತ್ತು ತರುತ್ತಾರೆ. ಹೆಂಗಸರು ಹೊಸಿಲಾಚೆ ಬಂದು ನೀರು ಹುಯ್ಯುತ್ತಾರೆ. ಕರ್ನಾಟಕದಲ್ಲಿ ಕಪ್ಪೆ ಮದುವೆ. 2019ರ ಜೂನ್‌ನಲ್ಲಿ, ಅಷ್ಟು ಮಳೆ ಕಾಣುವ ಉಡುಪಿಯಲ್ಲೂ ಎರಡು ಕಪ್ಪೆಗಳಿಗೆ ಮದುವೆ ಮಾಡಿಸಿದರು.

ಹೀಗೆ ಧಾರೆ ಎರೆಯುವ ದೇಶವೇ ಕಪ್ಪೆಯ ಕಾಲು ಕತ್ತರಿಸಿ ಮಾರಿತು ಎಂಬುದನ್ನೂ ಹೇಳಬೇಕು. 1950ರ ದಶಕದಲ್ಲಿ ಶುರುವಾದ ಈ ರಫ್ತು ಬೆಳೆದು, 1981ರಲ್ಲಿ 4000 ಟನ್ ದಾಟಿತು. ಹೊರದೇಶದ ಊಟದ ಮೇಜಿಗೆ ಹೆಚ್ಚಾಗಿ ಹೋದದ್ದು ನಮ್ಮ ಗದ್ದೆಗಳ ದೊಡ್ಡ ಕಪ್ಪೆ. ಕಾಲು ಕಳಕೊಂಡ ಜೀವ ಕೂಡಲೇ ಸಾಯುವುದಿಲ್ಲ ಎಂಬ ಸಂಗತಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಗದ್ದೆಯ ಹುಳ ತಿನ್ನುವ ಪ್ರಾಣಿಯನ್ನು ಮಾರಿ, ಆ ಹುಳಕ್ಕೆ ಔಷಧಿ ಕೊಳ್ಳುವುದು ಯಾವ ಲೆಕ್ಕ? ಮನೆಯ ಖರ್ಚು ತೂಗಿಸುವ ಯಾವ ಹೆಂಗಸೂ ಈ ವ್ಯಾಪಾರ ಒಪ್ಪಲಾರಳು. ಕೊನೆಗೆ 1987ರಲ್ಲಿ ಸರ್ಕಾರ ರಫ್ತು ನಿಲ್ಲಿಸಿತು. ಕಾಲೇಜುಗಳಲ್ಲಿ ಕಪ್ಪೆ ಕೊಯ್ಯುವುದಕ್ಕೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2014ರಲ್ಲಿ ತಡೆ ಹಾಕಿತು.

ಕಪ್ಪೆಯನ್ನು ಪ್ರೀತಿಯಿಂದ ಗಮನಿಸಿದವರೂ ನಮ್ಮಲ್ಲಿದ್ದರು. ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್ 1937ರಲ್ಲೇ ಕೊಟ್ಟಿಗೆಹಾರದ ಕಪ್ಪೆಯನ್ನು ಲೋಕಕ್ಕೆ ಪರಿಚಯಿಸಿದರು. ಮೊಟ್ಟೆಗೆ ಮಣ್ಣು ಮೆತ್ತಿ ಕಾಪಾಡುವ ಉತ್ತರ ಕನ್ನಡದ ಕಪ್ಪೆಗೆ 2014ರಲ್ಲಿ 'ಕುಂಬಾರ' ಎಂದೇ ಹೆಸರಿಟ್ಟರು. ಮಲೆನಾಡಿಗೆ ಈ ಭಾಗ್ಯ ಮೊದಲು ಬಂತು. ಬಯಲಿನ ಸರದಿ ತಡವಾಯಿತು: ಬೆಂಗಳೂರಿನ ಹೊರವಲಯದ ರಾಜಾನುಕುಂಟೆಯ ಬರಡು ನೆಲದಲ್ಲಿ ಸಿಕ್ಕ ಬಿಲಗಪ್ಪೆಯೊಂದು 2020ರಲ್ಲಿ ಹೊಸ ಪ್ರಭೇದ ಎಂದು ಗೊತ್ತಾಯಿತು. ಬರಡು ಎಂದು ನಾವು ಕರೆದ ನೆಲ ಬರಡಲ್ಲ ಎಂದಾಯಿತು.

ಈ ಮಾತು ನಮ್ಮೂರಿಗೆ ನೇರ ತಾಗುತ್ತದೆ. ಇಲ್ಲಿನ ಹುಲ್ಲುಗಾವಲುಗಳು ಅಮೃತಮಹಲ್ ಕಾವಲುಗಳು. ಮೈಸೂರರಸರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಕೊಟ್ಟ ಹೆಸರು ಅಮೃತಮಹಲ್. ದನಗಳಿಗೆಂದು ಉಳಿಸಿದ, ನೇಗಿಲು ತಾಗದ ಆ ನೆಲ ಬಿಲಗಪ್ಪೆಗೂ ತೌರುಮನೆ. ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ಉಳ್ಳಾರ್ತಿ ಕಾವಲೂ ಸೇರಿ ಸುಮಾರು 10,000 ಎಕರೆ ದೊಡ್ಡ ದೊಡ್ಡ ಯೋಜನೆಗಳಿಗೆ ಹೋಯಿತು, ಗೋಡೆ ಎದ್ದಿತು. ಕುರಿ ದನ ಕಾಯುವವರು ಕೋರ್ಟಿನವರೆಗೆ ಹೋದರು. ಕಪ್ಪೆಯ ಪರವಾಗಿ ಅರ್ಜಿ ಹಾಕುವವರು ಯಾರು?

ಪ್ರಪಂಚದ ಉಭಯವಾಸಿಗಳಲ್ಲಿ ನೂರಕ್ಕೆ 41 ಅಳಿವಿನ ಅಂಚಿನತ್ತ ಸರಿದಿವೆ ಎಂದು 2023ರ ಅಧ್ಯಯನ ಹೇಳಿದೆ. ನಮ್ಮ ಕೈಯಲ್ಲಿ ಇರುವುದು ಸಣ್ಣ ಕೆಲಸ. ಊರ ಪಕ್ಕದ ಮಳೆಗುಂಡಿಗೆ ಕಸ ಸುರಿದು ಮುಚ್ಚದಿರೋಣ. ಔಷಧಿ ಡಬ್ಬಿಯನ್ನು ಹಳ್ಳದಲ್ಲಿ ತೊಳೆಯದಿರೋಣ. ನನ್ನ ತರಗತಿಯ ಗೋಡೆಯ ಕ್ಯಾಲೆಂಡರಿನಲ್ಲಿ ಮಕ್ಕಳು ಈಗ ಮೊದಲ ಕಪ್ಪೆ ಕೂಗಿದ ದಿನವನ್ನು ಗುರುತು ಹಾಕುತ್ತಾರೆ. ಚರಿತ್ರೆ ಎಂದರೆ ದಿನಾಂಕ ತಾನೇ? ಇದೂ ಒಂದು ದಿನಾಂಕ.