ಕೆಲಸ ಹೋದಾಗ ಯಾವ ಬಾಗಿಲು ತಟ್ಟಬೇಕು? ಬೆಳಗಾವಿ, ಖಾನಾಪುರದ ನೌಕರರಿಗೆ ಕಾನೂನು ಮಾಹಿತಿ

1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯದಿಂದ 1976ರಲ್ಲಿ ಕಾರವಾರ ಬೇರ್ಪಟ್ಟಿತು. ಆದರೂ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇರುವ ನಂಟು ಹಾಗೆಯೇ ಉಳಿದಿದೆ. ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕಿನ ಶಾಲೆ, ಆಸ್ಪತ್ರೆ, ಹಾಸ್ಟೆಲುಗಳಲ್ಲಿ ನಮ್ಮವರು ದುಡಿಯುತ್ತಿದ್ದಾರೆ. ಇವುಗಳಲ್ಲಿ ಧರ್ಮಸಭೆಯೇ ನಡೆಸುವ ಸಂಸ್ಥೆಗಳೂ ಇವೆ. ಅಲ್ಲಿ ಕೆಲಸಕ್ಕೆ ಕುತ್ತು ಬಂದಾಗ "ಮೊದಲು ಫಾದರ್ ಹತ್ತಿರ ಮಾತಾಡೋಣ" ಎನ್ನುವುದು ನಮ್ಮ ರೂಢಿ. ಮಾತಾಡುವುದು ಒಳ್ಳೆಯದೇ. ಆದರೆ ಮಾತುಕತೆ ನಡೆಯುತ್ತಿದೆ ಎಂದು ಕಾನೂನಿನ ಗಡುವು ನಿಲ್ಲುವುದಿಲ್ಲ ಎಂಬುದನ್ನು ತಿಳಿಸಲೆಂದೇ ಈ ಲೇಖನ.

ಶಾಲೆಯ ನೌಕರರ ವಿಷಯವನ್ನು ಮೊದಲು ನೋಡೋಣ. ಖಾಸಗಿ ಶಾಲೆಗಳಿಗೆ ಅನ್ವಯಿಸುವ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಮಿನ ಪ್ರಕಾರ, ವಿಚಾರಣೆ ನಡೆಸದೆ ನೌಕರರನ್ನು ವಜಾ ಮಾಡುವಂತಿಲ್ಲ, ತೆಗೆದುಹಾಕುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಹಾಗೆ ಮಾಡಿದರೆ 94ನೇ ಕಲಮಿನಡಿ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಶಿಕ್ಷಕರಿಗೆ ಮಾತ್ರವಲ್ಲ, ಗುಮಾಸ್ತರಿಗೂ ಜವಾನರಿಗೂ ಈ ಹಕ್ಕಿದೆ. ಆದರೆ ಆದೇಶ ಕೈಗೆ ಬಂದ 3 ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಏಪ್ರಿಲ್‌ನಲ್ಲಿ ಪತ್ರ ಪಡೆದವರು "ಜೂನ್‌ನಲ್ಲಿ ಶಾಲೆ ಶುರುವಾಗಲಿ, ನೋಡೋಣ" ಎಂದರೆ ಹೆಚ್ಚಿನ ಕಾಲ ಕಳೆದೇ ಹೋಗಿರುತ್ತದೆ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳವರಿಗೆ ಈ ಕಾಯ್ದೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ವಕೀಲರಿಂದಲೇ ತಿಳಿಯಬೇಕು.

ಶಿಕ್ಷಕರು ಕಾರ್ಮಿಕ ಇಲಾಖೆಗೆ ಹೋದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ನೆರೆಯ ಗೋವಾದ ಕ್ರೈಸ್ತ ಶಾಲೆಯೊಂದರ ಶಿಕ್ಷಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲಿ, ಶಾಲೆ ಉದ್ಯಮವೇ ಆದರೂ ಪಾಠ ಹೇಳುವವರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ 'ಕಾರ್ಮಿಕ'ರಲ್ಲ ಎಂದಿತು. ತಪ್ಪು ಬಾಗಿಲು ತಟ್ಟಿದರೆ ವರ್ಷಗಳೇ ಹೋಗುತ್ತವೆ.

"ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ನಮಗೆ ಈ ನಿಯಮಗಳಿಲ್ಲ" ಎಂಬ ಮಾತೂ ಆಡಳಿತದವರಿಂದ ಕೇಳಿಬರುತ್ತದೆ. ಸಂವಿಧಾನದ 30ನೇ ವಿಧಿ ಸಂಸ್ಥೆ ನಡೆಸುವ ಹಕ್ಕು ಕೊಟ್ಟಿದೆ ನಿಜ. ಆದರೆ 1986ರ ಫ್ರಾಂಕ್ ಆಂಟನಿ ಶಾಲೆಯ ತೀರ್ಪಿನಲ್ಲಿ ನ್ಯಾಯಾಲಯ ಅಲ್ಪಸಂಖ್ಯಾತ ಶಾಲೆಯ ನೌಕರರಿಗೂ ಕಾನೂನುಬದ್ಧ ಸಂಬಳ, ಸವಲತ್ತು ಸಲ್ಲಬೇಕೆಂದು ಹೇಳಿದೆ. ಪೋಪ್ 13ನೇ ಲಿಯೋ 1891ರಲ್ಲೇ ಕಾರ್ಮಿಕರ ನ್ಯಾಯಯುತ ಕೂಲಿಯ ಬಗ್ಗೆ ವಿಶ್ವಪತ್ರ ಬರೆದ ಧರ್ಮಸಭೆ ನಮ್ಮದು. ನಮ್ಮ ಸಂಸ್ಥೆಗಳು ಈ ಮಾತಿನ ಹಿಂದೆ ಅಡಗಿಕೊಳ್ಳುವುದು ನಮಗೆ ಸರಿ ಕಾಣುವುದಿಲ್ಲ.

ಆಸ್ಪತ್ರೆ, ಹಾಸ್ಟೆಲ್, ಸಮಾಜಸೇವಾ ಕೇಂದ್ರಗಳವರ ಸ್ಥಿತಿ ಈಗ ಬದಲಾಗಿದೆ. ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ 1978ರಲ್ಲಿ ಬಂದ ತೀರ್ಪು ಆಸ್ಪತ್ರೆ, ವಿದ್ಯಾಸಂಸ್ಥೆಗಳನ್ನೂ 'ಉದ್ಯಮ'ವೆಂದು ಕಂಡಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಸಂಪೂರ್ಣವಾಗಿ ಇಲ್ಲವೇ ಬಹುಪಾಲು ಧರ್ಮಾರ್ಥ ಸೇವೆಯಲ್ಲಿ ತೊಡಗಿದ ಸಂಘಗಳ ಸಂಸ್ಥೆಗಳನ್ನು ಹೊರಗಿಟ್ಟಿದೆ. ಶುಲ್ಕ ಪಡೆಯುವ ಆಸ್ಪತ್ರೆ ಧರ್ಮಾರ್ಥವೇ? ಚರ್ಚಿನಲ್ಲಿ ಬಲಿಪೂಜೆಗೆ ಅಣಿಮಾಡುವವರು, ಗುರುಮನೆಯ ಅಡುಗೆಯವರು ಯಾವ ಕಾಯ್ದೆಗೆ ಸೇರುತ್ತಾರೆ? ಇಂಥವನ್ನು ವಕೀಲರನ್ನು ಕೇಳದೆ ನಿರ್ಧರಿಸಬೇಡಿ. ಉದ್ಯಮಬಾಗಿನ ಫೌಂಡ್ರಿ ಕಾರ್ಮಿಕರಿಗೆ, ಖಾನಾಪುರದ ಹೆಂಚು, ಇಟ್ಟಿಗೆ ಕೆಲಸದವರಿಗೆ ಈ ಗೊಂದಲವಿಲ್ಲ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಬಳಿ 2 ವರ್ಷದೊಳಗೆ ದೂರು ಒಯ್ಯಬೇಕು.

ಇನ್ನು ಗ್ರಾಚ್ಯುಟಿ. ಶಿಕ್ಷಕರಿಗೆ ಅದು ಇಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಸಂಸತ್ತು 2009ರಲ್ಲಿ ತಿದ್ದುಪಡಿ ತಂದು 1997ರ ಏಪ್ರಿಲ್ 3ರಿಂದಲೇ ಅನ್ವಯಿಸಿತು. 2022ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ 5 ವರ್ಷ ಸತತ ಸೇವೆ ಮಾಡಿದವರಿಗೆ ಇದು ಸಲ್ಲುತ್ತದೆ. ನಿಗದಿತ ಅವಧಿಯ ನೇಮಕವಾದರೆ 1 ವರ್ಷ ಸಾಕು. 11 ವರ್ಷ ಕಲಿಸಿದ ಶಿಕ್ಷಕಿಯ ಕೊನೆಯ ವೇತನ 13,000 ರೂ. ಎಂದಿಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500 ರೂ. ಹನ್ನೊಂದು ವರ್ಷಕ್ಕೆ 82,500 ರೂ. ಆಗುತ್ತದೆ. ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ ಕಳಿಸಿದ ಮಾತ್ರಕ್ಕೆ ಈ ಬಾಕಿ ತೀರುವುದಿಲ್ಲ. ಕೆಲಸ ಬಿಟ್ಟವರ ಬಾಕಿ ಸಂಬಳವನ್ನೂ 2 ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ.

ಹಾಗಾದರೆ ವಕೀಲರನ್ನು ಯಾವಾಗ ಕಾಣಬೇಕು? ರಾಜೀನಾಮೆಗೆ ಸಹಿ ಹಾಕೆಂದು ಒತ್ತಾಯ ಬಂದ ದಿನವೇ, ಸಹಿ ಹಾಕುವ ಮೊದಲೇ. ಸ್ವಂತ ಇಚ್ಛೆಯಿಂದ ಬಿಟ್ಟೆನೆಂದು ಬರೆದುಕೊಟ್ಟ ಮೇಲೆ ವಜಾ ಮಾಡಿದರೆಂದು ಸಾಧಿಸುವುದು ಬಲು ಕಷ್ಟ. ಖಾನಾಪುರದ ಕಡೆ ಮನೆಮಾತು ಕೊಂಕಣಿ, ಓದಿದ್ದು ಮರಾಠಿ, ಕಾಗದ ಮಾತ್ರ ಇಂಗ್ಲಿಷಿನಲ್ಲಿ! ಅರ್ಥವಾಗದ ಕಾಗದಕ್ಕೂ ಖಾಲಿ ಹಾಳೆಗೂ ಸಹಿ ಬೇಡ. ನೋಟಿಸ್ ಬಂದಾಗ, ಅಮಾನತಾದಾಗ, "ನಾಳೆಯಿಂದ ಬರಬೇಡಿ" ಎಂದು ಬರೀ ಬಾಯಿಮಾತಿನಲ್ಲಿ ಹೇಳಿದಾಗಲೂ ತಡ ಮಾಡಬೇಡಿ. ಬಾಯಿಮಾತಾದರೆ ಲಿಖಿತ ಆದೇಶ ಕೇಳಿ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ, ರಸೀದಿ ಇಟ್ಟುಕೊಳ್ಳಿ. ಲೈಂಗಿಕ ಕಿರುಕುಳದ ದೂರಿಗೆ 3 ತಿಂಗಳ ಮಿತಿಯಿದೆ. ಸಂಸ್ಥೆಯಲ್ಲಿ 10 ಜನರಿಲ್ಲದೆ ಆಂತರಿಕ ಸಮಿತಿ ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ಸಂಬಳ ಒಂದೆರಡು ದಿನ ತಡವಾದದ್ದು, ರಜೆಯ ಲೆಕ್ಕ ತಪ್ಪಿದ್ದು ಮುಂತಾದವಕ್ಕೆ ಕಚೇರಿಗೊಂದು ಪತ್ರ ಬರೆದರೆ ಸಾಕು.

ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿದೆ. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ಕಡಿಮೆ ಆದಾಯದವರೂ ಅರ್ಹರು. ಬೆಳಗಾವಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು, ಖಾನಾಪುರದಲ್ಲಿ ತಾಲೂಕು ಸಮಿತಿಯನ್ನು ವಿಚಾರಿಸಿ. 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ಹೋಗುವಾಗ ನೇಮಕಾತಿ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಿಎಫ್ ವಿವರ, ಬಂದ ನೋಟಿಸುಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಕೊಂಡು ಹೋಗಿ. ನೇಮಕಾತಿ ಪತ್ರ ಕೊಟ್ಟೇ ಇಲ್ಲವಾದರೆ ಹಾಜರಿ ಪುಸ್ತಕದ ಪ್ರತಿ, ಶಾಲಾ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾದ ಸಿಬ್ಬಂದಿಯ ಫೋಟೋ ಕೂಡ ಉಪಯೋಗಕ್ಕೆ ಬರುತ್ತವೆ.