ಸಾಲದ ಬೊಕ್ಕಸದಿಂದ ಬಂದ ಅಕ್ಷರ



ಸಾಹಿತ್ಯ, ಇತಿಹಾಸ, ಭಾಷಾಶಾಸ್ತ್ರಗಳಿಗೆ ಸರ್ಕಾರ ಏಕೆ ಹಣ ಕೊಡಬೇಕು? ಅಮೆರಿಕದಲ್ಲಿ ದುಡಿದು ತೆರಿಗೆ ಕಟ್ಟುವ ನಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಉತ್ತರವಾಗಿ ನಾನು ಹಳೆಯ ಮೈಸೂರಿನ ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ.

1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಲಕ್ಷಾಂತರ ಜನರನ್ನು ಕಳೆದುಕೊಂಡಿತು. 1881ರಲ್ಲಿ ಬ್ರಿಟಿಷರು ಒಡೆಯರಿಗೆ ಆಡಳಿತವನ್ನು ಮರಳಿಸಿದಾಗ ಬೊಕ್ಕಸದ ಮೇಲೆ ಸಾಲದ ಹೊರೆಯಿತ್ತು. ಅಂಥ ಹೊತ್ತಿನಲ್ಲೂ 1885ರಲ್ಲಿ ಪುರಾತತ್ವ ಇಲಾಖೆ ಆರಂಭವಾಯಿತು. ಬಿ.ಎಲ್. ರೈಸ್ ಮತ್ತು ಅವರ ಜೊತೆಗಿದ್ದ ಪಂಡಿತರು ಊರೂರಿನ ಶಾಸನಗಳನ್ನು ಪ್ರತಿಮಾಡಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಅಚ್ಚಿಗೆ ತಂದರು. ‘ಕವಿರಾಜಮಾರ್ಗ’ 1898ರಲ್ಲಿ ಮುದ್ರಣ ಕಂಡದ್ದೂ ಇದೇ ಸರ್ಕಾರಿ ಆಸರೆಯಲ್ಲಿ.

1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಆರಂಭವಾಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿದರು, 1909ರಲ್ಲಿ ಅದು ಪ್ರಕಟವಾಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ್ದೂ ಇದೇ ಸಂಸ್ಥಾನ. ತಾಳೆಗರಿಗೂ ವಿದ್ಯುತ್ತಿಗೂ ಹಣ ಬಂದದ್ದು ಒಂದೇ ಬೊಕ್ಕಸದಿಂದ. ಚಿನ್ನದ ಗಣಿಗೆ ವಿದ್ಯುತ್ ಕೊಳ್ಳುವ ಶಕ್ತಿಯಿತ್ತು. ಹೊಲದಂಚಿನ ವೀರಗಲ್ಲಿಗೆ ಗಿರಾಕಿ ಯಾರು?

ಆದರೆ ಸರ್ಕಾರದ ಕಣ್ಣಿಗೆ ಎಲ್ಲವೂ ಬೀಳುವುದಿಲ್ಲ. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನಗಳ ಹಸ್ತಪ್ರತಿಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮುಂದೆ ತಮ್ಮದೇ ಮುದ್ರಣಾಲಯವನ್ನೂ ನಡೆಸಿದರು. ಅದಕ್ಕೆ ಸವೆದದ್ದು ಅವರ ಸ್ವಂತ ಗಳಿಕೆ. ಅವರ ತ್ಯಾಗಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ಪ್ರತಿ ತಲೆಮಾರಿಗೂ ಒಬ್ಬ ಹಳಕಟ್ಟಿ ಹುಟ್ಟಿಬರಲೆಂದು ಕಾಯುವುದು ಒಂದು ನೀತಿಯಾಗಲಾರದು.

ನಾವೀಗ ಬದುಕುತ್ತಿರುವ ನಾಡಿನ ಮಾತು. 1965ರ ಸೆಪ್ಟೆಂಬರ್ 29ರಂದು ಅಧ್ಯಕ್ಷ ಜಾನ್ಸನ್ ಮಾನವಿಕ ಶಾಸ್ತ್ರಗಳ ರಾಷ್ಟ್ರೀಯ ನಿಧಿಯನ್ನು ಸ್ಥಾಪಿಸುವ ಕಾನೂನಿಗೆ ಸಹಿ ಹಾಕಿದರು. ನಾಲ್ಕು ದಿನಗಳ ನಂತರ, ಅಕ್ಟೋಬರ್ 3ರಂದು, ವಲಸೆಯ ಹೊಸ ಕಾನೂನಿಗೂ ಅದೇ ಕೈ ಸಹಿ ಹಾಕಿತು. ಎರಡನೆಯದು ನಮ್ಮಂಥವರಿಗೆ ಬಾಗಿಲು ತೆರೆಯಿತು. ಅದು ನಮಗೆ ಚೆನ್ನಾಗಿ ನೆನಪಿದೆ. ಮೊದಲನೆಯದನ್ನು ನೆನೆಯುವವರು ಕಡಿಮೆ. 2025ರ ಏಪ್ರಿಲ್‌ನಲ್ಲಿ ಆ ನಿಧಿಯ ಅನುದಾನಗಳು ಸಾಮೂಹಿಕವಾಗಿ ರದ್ದಾದಾಗ ನಮ್ಮ ಕನ್ನಡ ಕೂಟಗಳಲ್ಲಿ ಅದರ ಚರ್ಚೆಯನ್ನು ನಾನು ಕೇಳಲಿಲ್ಲ.

ನಮ್ಮ ಮಕ್ಕಳಿಗೆ ಕದಂಬರ, ಹೊಯ್ಸಳರ ಕಥೆ ಹೇಳುತ್ತೇವಲ್ಲ, ಅದಕ್ಕೆ ಆಧಾರವಾದ ಕಲ್ಲುಗಳನ್ನು ಓದಿಸಿದ್ದು ಕ್ಷಾಮದಿಂದ ಚೇತರಿಸಿಕೊಳ್ಳುತ್ತಿದ್ದ ರೈತರ ಕಂದಾಯ. ಆ ಋಣ ನಮ್ಮ ಮೇಲಿದೆ. ಇಲ್ಲಿನ ಗ್ರಂಥಾಲಯಕ್ಕೋ ಇತಿಹಾಸ ಸಂಗ್ರಹಕ್ಕೋ ಸರ್ಕಾರದ ನೆರವು ಬೇಕೇ ಎಂಬ ಪ್ರಶ್ನೆ ನಿಮ್ಮೂರಿನ ಸಭೆಯಲ್ಲಿ ಎದ್ದಾಗ, ದಯವಿಟ್ಟು ಹೋಗಿ, ‘ಬೇಕು’ ಎಂದು ಹೇಳಿ ಬನ್ನಿ.