ವಪೆ ಬಡಿಯುವ ಹೊತ್ತು

ಉಸಿರು ಬಿಗಿಹಿಡಿದು ಸುಮ್ಮನೆ ಮಲಗಿದವರಿಗೆ ಮೊದಮೊದಲು ಹೆಚ್ಚೇನೂ ಅನಿಸುವುದಿಲ್ಲ. ಆಮೇಲೆ ಗಂಟಲಲ್ಲಿ ಏನೋ ಒತ್ತಿದಂತೆ, ಎದೆ ಕಾವೇರಿದಂತೆ. ಅದನ್ನೂ ದಾಟಿ ಹಟ ಹಿಡಿದರೆ ಹೊಟ್ಟೆಯ ಮೇಲ್ಭಾಗ ತನ್ನಷ್ಟಕ್ಕೆ ತಾನೇ ಒಮ್ಮೆ ಒಳಕ್ಕೆ ಜಗ್ಗುತ್ತದೆ. ಬಿಕ್ಕಳಿಕೆಯ ಹಾಗೆ, ಆದರೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಬೇಗ ಬೇಗ ಇನ್ನಷ್ಟು. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ‘ವಪೆ’ ಎಂದು ಹೆಸರು ಕಲಿತು ಮರೆತ, ಎದೆಗೂ ಹೊಟ್ಟೆಗೂ ನಡುವಿನ ಆ ಸ್ನಾಯು ಹೀಗೆ ಬಡಿಯತೊಡಗಿದಾಗ ಹೊಸಬರು ಬಾಯಿ ತೆರೆದೇಬಿಡುತ್ತಾರೆ. ಆಮ್ಲಜನಕ ಮುಗಿಯಿತು, ಇನ್ನು ಪ್ರಾಣ ಹೋಗುತ್ತದೆ ಎಂಬ ಭಯ.

ಆ ಭಯದ ಲೆಕ್ಕ ತಪ್ಪು. ಆರೋಗ್ಯವಂತರ ರಕ್ತದಲ್ಲಿ ಆ ಹೊತ್ತಿಗೆ ಆಮ್ಲಜನಕ ಸಾಕಷ್ಟು ಉಳಿದಿರುತ್ತದೆ. ಫ್ರೀಡೈವಿಂಗ್, ಅಂದರೆ ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಮುಳುಗುವ ವಿದ್ಯೆ ಕಲಿಯಲು ಹೋದವರಿಗೆ ಇಂದು ಮೊದಲ ಪಾಠಗಳಲ್ಲೇ ಇದನ್ನು ಹೇಳಿಕೊಡುತ್ತಾರೆ. ಆದರೆ ಈ ಪಾಠ ಸಿದ್ಧವಾಗಲು ಅರ್ಧ ಶತಮಾನ ಬೇಕಾಯಿತು. ಅದನ್ನು ಅರ್ಧ ಮಾತ್ರ ತಿಳಿದವರು ನಡುವೆ ನೀರಿನಲ್ಲಿ ಜೀವ ಕಳೆದುಕೊಂಡರು.

ಮೊದಲ ಎಳೆ ಸಿಕ್ಕಿದ್ದು 1905ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ಉಸಿರಾಟದ ಲಗಾಮು ಇರುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಕೈಯಲ್ಲಿ ಎಂದು ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ತೋರಿಸಿಕೊಟ್ಟರು. ಒಳಗೆ ಆ ಅನಿಲ ಸ್ವಲ್ಪ ಏರಿದರೂ ಸಾಕು, ಮೆದುಳು ಉಸಿರಾಡು ಎಂದು ಒತ್ತಾಯಿಸುತ್ತದೆ. ಆಮ್ಲಜನಕ ಇಳಿದಾಗ ಅಷ್ಟು ಬೇಗ ಗದ್ದಲ ಎಬ್ಬಿಸುವುದಿಲ್ಲ.

ಎರಡನೆಯದು 1954ರ ಪ್ರಯೋಗ, ಸ್ವಲ್ಪ ಕಿಡಿಗೇಡಿತನದ್ದೂ ಹೌದು. ಅಮೆರಿಕದ ಮಿನೆಸೋಟ ರಾಜ್ಯದ ರೋಚೆಸ್ಟರ್‌ನಲ್ಲಿರುವ ಮೇಯೋ ಕ್ಲಿನಿಕ್‌ನಲ್ಲಿ ವಾರ್ಡ್ ಫೌಲರ್ ಎಂಬ ವಿಜ್ಞಾನಿ ಕೆಲವರಿಗೆ ಇನ್ನು ಆಗುವುದೇ ಇಲ್ಲ ಎನ್ನುವವರೆಗೆ ಉಸಿರು ಹಿಡಿಯಲು ಹೇಳಿದರು. ತಡೆಯಲಾಗದೆ ಬಾಯಿ ತೆರೆದಾಗ ಸಿಕ್ಕಿದ್ದು ಒಳ್ಳೆಯ ಗಾಳಿಯಲ್ಲ. ಆಮ್ಲಜನಕ ಕೇವಲ ಶೇ. 8, ಇಂಗಾಲದ ಡೈಆಕ್ಸೈಡ್ ಶೇ. 7.5 ಇದ್ದ ಮಿಶ್ರಣ. ಅದನ್ನು ಉಸಿರಾಡಿದರೆ ರಕ್ತದ ಸ್ಥಿತಿ ಸುಧಾರಿಸುವ ಪ್ರಶ್ನೆಯೇ ಇಲ್ಲ. ಆದರೂ ಅವರಿಗೆ ಹಾಯೆನಿಸಿತು, ಮತ್ತೆ ಉಸಿರು ಹಿಡಿಯಲು ಸಾಧ್ಯವಾಯಿತು! ಎಂದರೆ ಸಂಕಟಕ್ಕೆ ಅನಿಲವೊಂದೇ ಕಾರಣವಲ್ಲ. ಆಡುವುದಕ್ಕೆ ಇರುವ ಸ್ನಾಯುವನ್ನು ಆಡಲು ಬಿಡದೆ ಕಟ್ಟಿಹಾಕಿದ್ದೂ ಒಂದು ಕಾರಣ.

1963ರಲ್ಲಿ ಎಮಿಲಿಯೊ ಅಗೊಸ್ಟೋನಿ ಅನ್ನನಾಳದೊಳಗೆ ವಿದ್ಯುದ್ವಾರ ಇಳಿಸಿ, ಉಸಿರು ಹಿಡಿದವರ ವಪೆ ಯಾವಾಗ ಎಚ್ಚರಗೊಳ್ಳುತ್ತದೆ ಎಂದು ದಾಖಲಿಸಿದರು. ಮನುಷ್ಯ ಸೋಲೊಪ್ಪುವುದಕ್ಕೆ ಬಹಳ ಮೊದಲೇ ಅದು ಶುರುಮಾಡಿರುತ್ತದೆ. 1967ರಲ್ಲಿ ಮೊರಾನ್ ಕ್ಯಾಂಬೆಲ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಪ್ರಜ್ಞೆ ಇರುವಂತೆಯೇ ಸ್ವಯಂಸೇವಕರ ಸ್ನಾಯುಗಳನ್ನೆಲ್ಲ ಔಷಧಿ ಕೊಟ್ಟು ನಿಶ್ಚಲಗೊಳಿಸಿ, ಕೃತಕ ಉಸಿರಾಟದ ಯಂತ್ರವನ್ನು ನಿಲ್ಲಿಸಿದರು. ವಪೆ ಬಡಿಯಲಿಲ್ಲ, ಸಂಕಟವೂ ಆಗಲಿಲ್ಲ. ಎಂದಿಗಿಂತ ಎಷ್ಟೋ ಹೆಚ್ಚು ಹೊತ್ತು ಅವರು ಉಸಿರಿಲ್ಲದೆ ಇದ್ದರು. ಇಂಥ ಪ್ರಯೋಗಕ್ಕೆ ಇಂದು ಯಾವ ನೀತಿ ಸಮಿತಿಯೂ ಸುಲಭವಾಗಿ ಒಪ್ಪಲಾರದು.

ಸಂಕಟ ತರುವುದು ಆಮ್ಲಜನಕದ ಕೊರತೆಯಲ್ಲ ಎಂದಾದರೆ, ಆ ಸಂಕಟವನ್ನೇ ಇಲ್ಲವಾಗಿಸಬಹುದಲ್ಲ? ಈಜುಗಾರರು ಈ ಅಡ್ಡದಾರಿಯನ್ನು ವಿಜ್ಞಾನಿಗಳ ನೆರವಿಲ್ಲದೆಯೇ ಹುಡುಕಿಕೊಂಡಿದ್ದರು. ಮುಳುಗುವ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ, ಆಳವಾಗಿ ಉಸಿರಾಡುವುದು. ಆಮ್ಲಜನಕ ಹೆಚ್ಚು ತುಂಬಿಕೊಳ್ಳುತ್ತದೆ ಎಂದು ಅವರ ನಂಬಿಕೆ. ನಿಜವಾಗಿ ರಕ್ತದ ಆಮ್ಲಜನಕ ಅದರಿಂದ ಹೆಚ್ಚುವುದು ಅತ್ಯಲ್ಪ. ಇಂಗಾಲದ ಡೈಆಕ್ಸೈಡ್ ಮಾತ್ರ ಬಹಳಷ್ಟು ಹೊರಹೋಗುತ್ತದೆ. ಕಳ್ಳ ಬರುವ ಮೊದಲೇ ನಾಯಿಗೆ ಮತ್ತಿನ ಔಷಧಿ ಹಾಕಿದ ಹಾಗೆ. ವಪೆ ಬಡಿಯುವುದು ತಡವಾಗುತ್ತದೆ, ಅಷ್ಟರಲ್ಲಿ ಆಮ್ಲಜನಕ ನಿಜವಾಗಿಯೂ ತಳ ಮುಟ್ಟಿರುತ್ತದೆ, ಮತ್ತು ಪ್ರಜ್ಞೆ ಯಾವ ಮುನ್ಸೂಚನೆಯೂ ಇಲ್ಲದೆ ಆರುತ್ತದೆ.

1961ರಲ್ಲಿ ಇದನ್ನು ಸ್ಪಷ್ಟವಾಗಿ ಬರೆದವರು ವೈದ್ಯ ಆಲ್ಬರ್ಟ್ ಕ್ರೇಗ್. ಅವರ ಊರೂ ರೋಚೆಸ್ಟರ್, ಆದರೆ ನ್ಯೂಯಾರ್ಕ್ ರಾಜ್ಯದ್ದು. ನೀರಿನಡಿ ಈಜುತ್ತ ಪ್ರಜ್ಞೆ ತಪ್ಪಿದವರ ಪ್ರಕರಣಗಳನ್ನು ಅವರು ಕಲೆಹಾಕಿದರು; 1976ರ ಹೊತ್ತಿಗೆ ಆ ಪಟ್ಟಿ 58ಕ್ಕೆ ಏರಿತ್ತು. ಇವರಲ್ಲಿ ಈಜು ಬಾರದವರು ಮುಳುಗಿದ ಕಥೆಯಿಲ್ಲ. ಚೆನ್ನಾಗಿ ಈಜಬಲ್ಲವರು, ಇನ್ನೊಂದು ಸುತ್ತು ಎಂಬ ಹುರುಪಿನಲ್ಲಿದ್ದವರು, ಮೊದಲು ಜೋರಾಗಿ ಉಸಿರಾಡಿ ಇಳಿದವರು. ಆಳದಿಂದ ಮೇಲೆ ಬರುವವರಿಗೆ ಇನ್ನೂ ಒಂದು ಅಪಾಯ: ನೀರಿನ ಒತ್ತಡ ಇಳಿದಂತೆ ಶ್ವಾಸಕೋಶದಲ್ಲಿ ಆಮ್ಲಜನಕದ ಒತ್ತಡವೂ ಸರ್ರನೆ ಇಳಿಯುತ್ತದೆ. ಕೊನೆಯ ಕೆಲವು ಮೀಟರ್‌ಗಳಲ್ಲೇ ಕಣ್ಣು ಕತ್ತಲಿಡುತ್ತದೆ.

ಕೊರಿಯಾದ ಜೆಜು ದ್ವೀಪದ ಹೆನ್ಯೊ ಹೆಂಗಸರಿಗೆ ಈ ಪ್ರಬಂಧಗಳು ಬೇಕಿರಲಿಲ್ಲ. ಸಮುದ್ರದ ತಳದಿಂದ ಚಿಪ್ಪು ತಂದು ಸಂಸಾರ ತೂಗಿಸಿದ ಇವರು ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದು ನಿಮಿಷ ಮುಳುಗಿ ಮೇಲೆ ಬರುತ್ತಾರೆ, ಶಿಳ್ಳೆಯಂಥ ಸದ್ದಿನೊಂದಿಗೆ ಉಸಿರು ಬಿಡುತ್ತಾರೆ, ಮತ್ತೆ ಮುಳುಗುತ್ತಾರೆ. ಆ ಶಿಳ್ಳೆಗೆ ‘ಸುಂಬಿಸೋರಿ’ ಎಂದು ಹೆಸರು. ‘ಮುಲ್ಸುಮ್’ ಎಂಬ ಇನ್ನೊಂದು ಮಾತೂ ಅವರಲ್ಲಿದೆ: ನೀರಿನ ಉಸಿರು. ಮುಗಿಯುತ್ತಿರುವ ಉಸಿರನ್ನು ಲೆಕ್ಕಿಸದೆ ಇನ್ನೊಂದು ಚಿಪ್ಪಿಗೆ ಆಸೆಪಟ್ಟವಳು ಕೊನೆಗೆ ಎಳೆದುಕೊಳ್ಳುವ ಉಸಿರು ಅದು. ಹೊಟ್ಟೆಪಾಡಿಗೆ ದಿನವೂ ಮುಳುಗಬೇಕಾದವರಿಗೆ ಅಂಚಿನವರೆಗೆ ಹೋಗುವ ಚಪಲ ಇರಲಿಲ್ಲ.

ಆ ಚಪಲ ಇದ್ದದ್ದು ದಾಖಲೆ ಬೆನ್ನಟ್ಟಿದವರಿಗೆ. 1949ರಲ್ಲಿ ಇಟಲಿಯ ರೈಮೊಂಡೊ ಬೂಕರ್ ಬಾಜಿ ಕಟ್ಟಿ 30 ಮೀಟರ್ ಇಳಿದರು. 1976ರಲ್ಲಿ ಫ್ರಾನ್ಸಿನ ಜಾಕ್ ಮಯೋಲ್ ಎಲ್ಬಾ ದ್ವೀಪದ ಬಳಿ 100 ಮೀಟರ್ ಮುಟ್ಟಿದರು. ಮಯೋಲ್ ಯೋಗವನ್ನೂ ಝೆನ್ ಧ್ಯಾನವನ್ನೂ ಅಭ್ಯಾಸ ಮಾಡಿದವರು, ಉಸಿರಿನ ಜೊತೆ ಗುದ್ದಾಡಬಾರದು ಎಂದು ನಂಬಿದವರು. ಕುಂಭಕ ಎಂಬ ಶಬ್ದ ಯುರೋಪಿನ ಮುಳುಗುಗಾರರ ಬಾಯಿಗೆ ಬಂದದ್ದರ ಹಿಂದೆ ಇಂಥವರಿದ್ದಾರೆ. ಹದಿನೈದನೇ ಶತಮಾನದ ಹಠಯೋಗ ಪ್ರದೀಪಿಕೆ ಪ್ರಾಣಾಯಾಮದ ಮೊದಲ ಹಂತದಲ್ಲಿ ಬೆವರು, ನಡುವಿನ ಹಂತದಲ್ಲಿ ಕಂಪನ ಎಂದು ಹೇಳುತ್ತದೆ. ಆ ಕಂಪನ ವಪೆಯ ಬಡಿತವೇ ಎನ್ನುವುದು ದುಡುಕು. ಆದರೆ ನಡುಕವನ್ನು ಸೋಲೆಂದು ಎಣಿಸದೆ ದಾರಿಯ ಒಂದು ಮೆಟ್ಟಿಲೆಂದು ಎಣಿಸಿದ್ದಂತೂ ನಿಜ. (ಜಲಸ್ತಂಭನ ಮಾಡಿ ಕೊಳದಲ್ಲಿ ಅಡಗಿದ ರನ್ನನ ದುರ್ಯೋಧನನನ್ನು ಮೇಲೆಬ್ಬಿಸಿದ್ದು ಇಂಗಾಲದ ಡೈಆಕ್ಸೈಡ್ ಅಲ್ಲ, ಭೀಮನ ಮೂದಲಿಕೆ.)

1974ರಲ್ಲಿ ಲಿನ್ ಮತ್ತು ಸಂಗಡಿಗರು ಉಸಿರು ಹಿಡಿಯುವುದನ್ನು ಎರಡು ಭಾಗ ಮಾಡಿದರು: ವಪೆ ಬಡಿಯುವವರೆಗೆ, ಬಡಿದ ಮೇಲೆ. ಮೊದಲ ಭಾಗದ ಕೊನೆಯನ್ನು ನಿರ್ಧರಿಸುವುದು ಹೆಚ್ಚಾಗಿ ರಕ್ತದ ಅನಿಲ, ಎರಡನೆಯದರದ್ದು ಹೆಚ್ಚಾಗಿ ಮನಸ್ಸು. ಅಭ್ಯಾಸದಿಂದ ಮುಖ್ಯವಾಗಿ ಬೆಳೆಯುವುದು ಎರಡನೆಯದೇ ಎಂದು 1984ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು. ಕಲಿಸುವವರು ಇಂದು ಬಳಸುವ ಕೋಷ್ಟಕಗಳಿಗೆ ಇದೇ ತರ್ಕ. ಒಂದೂವರೆ ನಿಮಿಷ ಉಸಿರು ಹಿಡಿ, ಎರಡು ನಿಮಿಷ ವಿಶ್ರಾಂತಿ. ಮತ್ತೆ ಒಂದೂವರೆ ನಿಮಿಷ, ಈ ಸಲ ವಿಶ್ರಾಂತಿ ಕಾಲು ನಿಮಿಷ ಕಡಿಮೆ. ಹೀಗೆ ಎಂಟು ಸುತ್ತು, ಹಾಸಿಗೆಯ ಮೇಲೆ, ನೀರಿನಿಂದ ದೂರ. ಬಡಿತ ಬಂದಾಗ ಹೊಟ್ಟೆಯನ್ನು ಗಟ್ಟಿ ಮಾಡಿಕೊಂಡರೆ ಅದು ಇನ್ನೂ ಜೋರಾಗಿ ಒದೆಯುತ್ತದೆ. ದವಡೆ, ಭುಜ, ಹೊಟ್ಟೆ ಸಡಿಲ ಬಿಟ್ಟರೆ ಅಲೆಯಂತೆ ಬಂದು ಹೋಗುತ್ತದೆ. ಕೆಲವರು ಅಲೆಗಳನ್ನು ಎಣಿಸುತ್ತಾರೆ. ಎಣಿಸಿದರೆ ಗಾಬರಿ ಹೆಚ್ಚುವವರೂ ಇದ್ದಾರೆ.

ಕ್ರೊಯೇಷಿಯಾದ ಸ್ಪ್ಲಿಟ್ ನಗರದ ಜೆಲ್ಕೊ ದುಯಿಚ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದು ಇಡೀ ಕಥೆಗೆ ಬೇರೆಯೇ ಬಣ್ಣ ಕೊಟ್ಟಿತು. ಪಳಗಿದ ಮುಳುಗುಗಾರರಲ್ಲಿ ಈ ಬಡಿತಗಳು ಮೆದುಳಿಗೆ ಆಮ್ಲಜನಕ ಒದಗುವುದಕ್ಕೆ ನೆರವಾಗುತ್ತವೆ. ಪ್ರತಿ ಜಗ್ಗಾಟಕ್ಕೂ ಎದೆಯೊಳಗಿನ ಒತ್ತಡ ಇಳಿದು ರಕ್ತ ಹೃದಯದತ್ತ ಸೆಳೆಯಲ್ಪಡುತ್ತದೆ, ಪಂಪು ಹೊಡೆದ ಹಾಗೆ. ಅದೇ ವರ್ಷ ಜೂನ್ 8ರಂದು ಫ್ರಾನ್ಸಿನ ಸ್ಟೆಫಾನ್ ಮಿಫ್ಸುಡ್ ನೀರಿನಲ್ಲಿ ಮುಖವಿಟ್ಟು 11 ನಿಮಿಷ 35 ಸೆಕೆಂಡ್ ಇದ್ದರು.

ಆದರೆ ಬಡಿತ ತಾಳಿಕೊಳ್ಳಲು ಕಲಿತವರಿಗೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಆ ಬಡಿತ ಹೇಳಿಕೊಡುವುದಿಲ್ಲ. ಅದಕ್ಕೇ ನೀರಿನಲ್ಲಿ ಅಭ್ಯಾಸ ಮಾಡುವಾಗ ಪಕ್ಕದಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಆಗಾಗ ಭುಜ ತಟ್ಟುತ್ತಾರೆ, ಮುಳುಗಿದವರು ಒಂದು ಬೆರಳು ಎತ್ತಬೇಕು. ಏಳದಿದ್ದರೆ ಎರಡನೇ ಸಲ ತಟ್ಟುತ್ತಾರೆ. ಆಗಲೂ ಏಳದಿದ್ದರೆ ಕಾಯದೆ ಮುಖವನ್ನು ನೀರಿನಿಂದ ಮೇಲೆತ್ತುತ್ತಾರೆ.